ಹಿಂದಿನ ಎರಡು ಚಕ್ರ ತಮ್ಮನ ಪಾಲು

ಆ ದಿನ ಬೆಳಿಗ್ಗೆ ಬಿದ್ದದ್ದನ್ನು ಮಳೆ ಎಂದು ಕರೆಯುವ ಹಾಗೂ ಇರಲಿಲ್ಲ. ಧೂಳು ಅಡಗುವಷ್ಟು, ಒಣಹಾಕಿದ ಬಟ್ಟೆ ಒಳಗೆ ತರಲೋ ಬೇಡವೋ ಎಂದು ಹೆಂಗಸರು ಹೊರಗೆ ಬಂದು ಮುಖ ಮೇಲೆತ್ತಿ ನೋಡುವಷ್ಟು. ಭಗವಂತನಿಗೆ ಕೊಡುವ ಮನಸ್ಸಿತ್ತು, ಎದ್ದು ಕೊಡುವ ಪುರುಸೊತ್ತು ಇರಲಿಲ್ಲ ಎಂಬ ಹಾಗೆ. ಅಷ್ಟೇ ತೇವಕ್ಕೆ ಅಣ್ಣತಮ್ಮಂದಿರ ದೊಡ್ಡ ಕಾರು ಬೀದಿಯ ತಿರುವಿನಲ್ಲಿ ಹಿಂಭಾಗ ಬಳುಕಿಸಿ, ಜಾರಿ, ಎದುರುಮನೆಯ ಗೇಟಿಗೆ ಒಂದು ಗೇಣು ಬಿಟ್ಟು ನಿಂತಿತು.

ಅಣ್ಣ ಕೆಳಗಿಳಿದು ಟೈರಿನ ಮೇಲೆ ಕೈಯಾಡಿಸಿದ. "ಬೋಳಾಗಿದೆ ಕಣೋ."

"ನಿನ್ನ ತಲೆಗಿಂತ ವಾಸಿ," ಎಂದ ತಮ್ಮ, ಪಕ್ಕದ ಸೀಟಿನಲ್ಲೇ ಕೂತು.

ಇಬ್ಬರದೂ ಗಾಜು, ಕನ್ನಡಿಗಳ ಅಂಗಡಿ. ಅಳೆದು ಕತ್ತರಿಸುವುದು ಅಣ್ಣ, ಅಂಚು ಉಜ್ಜಿ ನಯ ಮಾಡುವುದು ತಮ್ಮ. ಅಪ್ಪ ಕಣ್ಣು ಮುಚ್ಚುವ ಮೊದಲು "ಎಲ್ಲಾ ಸಮಪಾಲು" ಎಂದಿದ್ದ. ಒಳ್ಳೆಯ ಮಾತೇ. ಆದರೆ ಕೇಳಿಸಿಕೊಂಡ ಮಕ್ಕಳ ಕೈಯಲ್ಲಿ ಅಳತೆಪಟ್ಟಿ ಇತ್ತು. ಹೀಗಾಗಿ ಬಟ್ಟೆ ಒಣಹಾಕುವ ಹಗ್ಗಕ್ಕೆ ನಟ್ಟನಡುವೆ ಒಂದು ಗಂಟು ಬಿತ್ತು. ಆಚೆಗೆ ಅಣ್ಣನ ಹೆಂಡತಿಯ ಸೀರೆ, ಈಚೆಗೆ ತಮ್ಮನ ಹೆಂಡತಿಯದು. ಗಾಳಿ ಮಾತ್ರ ಗಂಟು ನೋಡದೆ ಎರಡನ್ನೂ ಒಟ್ಟಿಗೇ ಆಡಿಸುತ್ತಿತ್ತು.

ಶ್ರೀಮಂತರ ಮನೆಗಳಲ್ಲಿ ಆಳೆತ್ತರದ ಕನ್ನಡಿ ಕೂರಿಸಿ ಕೂರಿಸಿ, ಪ್ರತಿ ಕನ್ನಡಿಯಲ್ಲೂ ಮೊದಲು ತಮ್ಮದೇ ಗಾಜಿನ ಪುಡಿ ಮೆತ್ತಿದ ಮುಖ ನೋಡಿ ಬೇಸತ್ತು, ಮೂರು ವರ್ಷದ ಹಿಂದೆ ಇಬ್ಬರೂ ಸೇರಿ ಈ ಕಾರು ಕೊಂಡಿದ್ದರು. ಸೆಕೆಂಡ್ ಹ್ಯಾಂಡ್. ಇಂಜಿನ್ನಿಗೆ ನಾನೂರು ಕುದುರೆಗಳ ಬಲವಂತೆ. ಒಂದು ವಾರ ಅಣ್ಣ ಓಡಿಸುವುದು, ಒಂದು ವಾರ ತಮ್ಮ ಓಡಿಸುವುದು ಎಂದು ಮಾತಾಗಿತ್ತು. ಅಣ್ಣನ ವಾರ ತಪ್ಪದೆ ಬಂತು. ತಮ್ಮನ ವಾರಕ್ಕೆ ಮಾತ್ರ ಪ್ರತಿಸಲವೂ ಏನಾದರೊಂದು ಅಡ್ಡಿ. "ಈ ವಾರ ದೊಡ್ಡ ಗಿರಾಕಿ ಬರ್ತಿದಾರೆ", "ಈ ವಾರ ನಿಂಗೆ ಕೆಮ್ಮು", "ಈ ವಾರ ಬೇಡ, ರಸ್ತೆ ಅಗೆದಿದಾರೆ." ಸಮಪಾಲಿನ ಲೆಕ್ಕದಲ್ಲಿ ಇನ್ನೂರು ಕುದುರೆ ತಮ್ಮನವು. ಅವು ಲಾಯ ಬಿಟ್ಟು ಹೊರಗೇ ಬಂದಿರಲಿಲ್ಲ. ನಲವತ್ತು ದಾಟಿದ ಮನುಷ್ಯ, ಅಣ್ಣನ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂರುತ್ತಿದ್ದ. ಜಗಳ ಅವನ ಜಾಯಮಾನವಲ್ಲ. ಆದರೂ ಪ್ರತಿ ಸೋಮವಾರ ಬೆಳಿಗ್ಗೆ ಕಾರಿನ ಹತ್ತಿರ ಹೋದಾಗ ಕೈ ತಾನಾಗಿಯೇ ಒಂದಿಷ್ಟು ಮುಂದೆ ಬಂದು, ಮತ್ತೆ ಜೇಬು ಸೇರುತ್ತಿತ್ತು.

ಜಾರಿದ ಕಾರನ್ನು ನೇರ ಟೈರಿನಂಗಡಿಗೆ ತಂದರು. ಅಂಗಡಿಯವನನ್ನು ಎಲ್ಲರೂ ಗಾಳಿಮಾಮ ಎನ್ನುತ್ತಿದ್ದರು. ಒಳಗೆ ರಬ್ಬರಿನ ಘಾಟು, ಗೋಪುರಗಳಂತೆ ಪೇರಿಸಿದ ಟೈರುಗಳು, ಮೂಲೆಯಲ್ಲಿ ಏದುಸಿರು ಬಿಡುವ ಗಾಳಿಯ ಯಂತ್ರ. ಮಾಮ ಕಾರಿಗೆ ಒಂದು ಸುತ್ತು ಬಂದ.

"ನಾಲ್ಕೂ ಹೋಗಿದೆ. ಇದಕ್ಕೆ ಮುಂದಿಂದೇ ಬೇರೆ ಅಳತೆ, ಹಿಂದಿಂದೇ ಬೇರೆ. ಹಿಂದಿಂದು ಅಗಲ. ಬೆಲೆನೂ ಜಾಸ್ತಿ."

"ಮುಂದಿಂದರ ದುಡ್ಡು ನಂದು," ಎಂದ ಅಣ್ಣ, ಮಾಮನ ಮಾತು ಮುಗಿಯುವ ಮೊದಲೇ. "ಹಿರಿಯ ಅಲ್ವಾ?"

ತಮ್ಮ ಹಿಂದಿನ ಚಕ್ರದ ಹತ್ತಿರ ಹೋಗಿ ನಿಂತ. "ಆಗ್ಲಿ ಬಿಡು. ಹಿಂದಿಂದು ನಂದು. ಆದ್ರೆ ಯಾವ್ದು ಹಾಕ್ಬೇಕು ಅನ್ನೋದು ನನ್ನಿಷ್ಟ." ಆ ಕಾರಿನಲ್ಲಿ ತನ್ನ ಮಾತು ನಡೆಯುವ ಜಾಗ ಕೊನೆಗೂ ಸಿಕ್ಕಿತು, ಅದು ನೆಲಕ್ಕೆ ತಾಗುವ ಜಾಗವಾದರೂ ಆಗಲಿ, ಎಂದುಕೊಂಡ.

ಅಣ್ಣ ಆರಿಸಿದ್ದು ಸದ್ದಿಲ್ಲದ ಟೈರು. "ಒಳಗೆ ಕೂತ್ರೆ ದೇವರಮನೇಲಿ ಕೂತಂಗಿರ್ಬೇಕು." ತಮ್ಮ ಆರಿಸಿದ್ದು ಪಂದ್ಯದ ಕಾರಿನವರು ಮೆಚ್ಚುವಂಥದ್ದು, ಗಂಟೆಗೆ ಮುನ್ನೂರು ಕಿಲೋಮೀಟರ್ ತಡೆಯುವಂಥದ್ದು.

"ಮನೆಯಿಂದ ಅಂಗಡಿಗೆ ಹೋಗೋಕೆ ಸಿಗ್ನಲ್ಲುಗಳೇ ಬಿಡಲ್ಲ, ಮುನ್ನೂರು ಎಲ್ಲಿ ಓಡಿಸ್ತೀಯೋ?"

"ಓಡ್ಸೋನು ನೀನು. ಅದ್ಯಾಕೆ ನನ್ನ ಕೇಳ್ತೀಯ?"

"ನೋಡಿ ಮಾಮ, ಕೊಂಕು ನೋಡಿ!"

ಗಾಳಿಮಾಮ ಎರಡೂ ಟೈರುಗಳನ್ನು ಗೋಡೆಗೆ ಒರಗಿಸಿದ. "ಮುಂದೆ ಒಂದು ಥರ, ಹಿಂದೆ ಒಂದು ಥರ ನಾನು ಹಾಕಲ್ಲ. ತಿರುವಲ್ಲಿ ಮುಂದಿಂದು ಬಾ ಅನ್ನತ್ತೆ, ಹಿಂದಿಂದು ಹೋಗು ಅನ್ನತ್ತೆ."

ಅಣ್ಣ ಗಲ್ಲ ಕೆರೆದುಕೊಂಡು ಯೋಚಿಸಿದ. "ಹಾಗಾದ್ರೆ ಬಲಗಡೆ ಎರಡು ನಂದು, ಎಡಗಡೆ ಎರಡು ಅವಂದು ಮಾಡಿದ್ರೆ?"

"ಮಾಡಬಹುದು. ಮೊದಲನೇ ಬ್ರೇಕಿಗೇ ಕಾರು ಗಿರಕಿ ಹೊಡೆದು ನಿಮ್ಮ ಮನೆ ಪಾಲು ಪೂರ್ತಿಯಾಗತ್ತೆ."

ಭಗವಂತ ಮನುಷ್ಯನಿಗೆ ಎರಡು ಕಾಲು ಕೊಟ್ಟ. ಬಲಗಾಲು ಯಾರದು, ಎಡಗಾಲು ಯಾರದು ಎಂದು ಕೇಳುವವರು ಹುಟ್ಟಿಯಾರು ಎಂದು ಅವನಿಗೂ ಹೊಳೆದಿರಲಿಕ್ಕಿಲ್ಲ. ಗಾಳಿಮಾಮ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತ.

"ಪಾಲಿನ ಮಾತು ಆಮೇಲೆ. ಕಾರು ಯಾರು ಓಡಿಸೋದು ಹೇಳಿ. ಅವರ ಕೈಗೆ ತಕ್ಕ ಟೈರು ನಾನು ಕೊಡ್ತೀನಿ."

"ಇಬ್ರೂನೂ," ಎಂದ ಅಣ್ಣ. ನೋಟ ಮಾತ್ರ ಟೈರಿನ ಗೋಪುರದ ತುದಿಯಲ್ಲಿತ್ತು.

"ಸರಿ." ಮಾಮ ತಮ್ಮನ ಕಡೆ ತಿರುಗಿದ. "ನೀವು ಹೇಳಿ. ತಿರುಗಿಸುವಾಗ ಸ್ಟೀರಿಂಗು ಕೈಗೆ ಹೇಗನ್ನಿಸತ್ತೆ? ಬಿಗಿಯೋ, ಹಗುರವೋ?"

ತಮ್ಮ ಒಂದು ಸುಳ್ಳು ಹೇಳಿ ಮುಗಿಸಬಹುದಿತ್ತು. ಬಾಯಿ ತೆರೆದ. ಬಂದದ್ದು ಬೇರೆ.

"ಗೊತ್ತಿಲ್ಲ ಮಾಮ. ನಾನು ಮುಟ್ಟಿಲ್ಲ."

ಕುಟುಕುವುದಕ್ಕೆ ಆಡಿದ ಮಾತಲ್ಲ ಅದು. ಹೊತ್ತೆಷ್ಟಾಯಿತು ಎಂದು ಕೇಳಿದವರಿಗೆ ಗಡಿಯಾರ ತಂದಿಲ್ಲ ಎನ್ನುತ್ತಾರಲ್ಲ, ಹಾಗೆ ಹೇಳಿದ. ಅದಕ್ಕೇ ಇರಬೇಕು, ಅಣ್ಣನ ನೋಟ ಗೋಪುರದ ತುದಿಯಿಂದ ತಮ್ಮನ ಕೈಗೆ ಇಳಿಯಿತು.

"ಅಣ್ಣ ಹೇಳಿದ್ದನ್ನೇ ನಾಲ್ಕಕ್ಕೂ ಹಾಕ್ಬಿಡಿ," ಎಂದ ತಮ್ಮ. "ನಂಗೇನು, ಕೂರೋದು ತಾನೇ."

"ಬೇಡ," ಎಂದ ಅಣ್ಣ, ಸಣ್ಣ ದನಿಯಲ್ಲಿ. "ಮಾಮ, ಒದ್ದೆ ನೆಲದಲ್ಲಿ ಹಿಡಿತ ಇರೋದು ಕೊಡಿ. ಸದ್ದು ಮಾಡಿದ್ರೆ ಮಾಡ್ಕೊಳ್ಳಲಿ. ನಾಲ್ಕೂ ಒಂದೇ ಥರ."

ಕಾರು ಮೇಲೇರಿತು, ಹಳೆಯ ಟೈರು ಕಳಚಿತು, ಹೊಸದು ಕೂತಿತು. ಅಷ್ಟು ಹೊತ್ತೂ ಅಣ್ಣ ಕೈ ಹಿಂದೆ ಕಟ್ಟಿಕೊಂಡು ಅಂಗಡಿಯ ಬಾಗಿಲಲ್ಲೇ ನಿಂತಿದ್ದ. ಆಚೆ ರಸ್ತೆ ಆರುತ್ತಿತ್ತು. ಕಾರು ನೆಲಕ್ಕಿಳಿದಾಗ ತಮ್ಮ ಅಭ್ಯಾಸದಂತೆ ಡಬ್ಬಿ ಎತ್ತಿಕೊಂಡು ಪಕ್ಕದ ಬಾಗಿಲಿಗೆ ನಡೆದ. ಅಲ್ಲಿ ಅಣ್ಣ ಆಗಲೇ ಬಂದು ನಿಂತಿದ್ದ.

ತಮ್ಮನ ಕೈಯಿಂದ ಡಬ್ಬಿ ತೆಗೆದುಕೊಂಡ. ಖಾಲಿಯಾದ ಆ ಅಂಗೈಯಲ್ಲಿ ಕಾರಿನ ಕೀ ಇಟ್ಟ.

"ಸೀಟು ಮುಂದಕ್ಕೆ ಎಳ್ಕೋ," ಎಂದ. "ನಿನ್ನ ಕಾಲು ಎಟುಕಲ್ಲ."