ಎರಡು ಸೀಟುಗಳ ನಡುವಿನ ತಂತಿ

ಮೈಕಿಗೆ ಸುತ್ತಿದ ಸ್ಪಂಜು ಮತ್ತೆ ಜಾರಿ ಬಿತ್ತು. ಲಿಫ್ಟ್ ಮೆಕ್ಯಾನಿಕ್ ದಾರವನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಇನ್ನೊಂದು ಸುತ್ತು ಬಿಗಿದ. ಅಡುಗೆಮನೆಯ ಮೇಜಿನ ಮೇಲೆ ಒಂದು ತಟ್ಟೆ ಇಡಲೂ ಜಾಗವಿರಲಿಲ್ಲ. ಕೆಡವಿದ ಲಿಫ್ಟೊಂದರಿಂದ ತಂದಿದ್ದ ಇಂಟರ್‌ಕಾಮ್ ಹೊಟ್ಟೆ ಬಗೆದುಕೊಂಡು ಬಿದ್ದಿತ್ತು. ಅದರ ಪಕ್ಕದಲ್ಲಿ, ಗ್ಯಾರೇಜಿನಲ್ಲಿ ತಗಡು ಉಜ್ಜುವವರು ಸದ್ದು ತಡೆಯಲು ಹಾಕಿಕೊಳ್ಳುವ ದಪ್ಪ ಕಿವಿಮುಚ್ಚಳಗಳು ಎರಡು ಜೊತೆ. ಅವುಗಳೊಳಗೆ ಕೋಟಿನ ಗುಂಡಿಯಷ್ಟಗಲದ ಸ್ಪೀಕರುಗಳನ್ನು ಕೂರಿಸಿ ಬೆಸುಗೆ ಹಾಕಿದ್ದ. ಎದುರಿಗೆ ಹೆಂಡತಿ ಮಡಿಲಲ್ಲಿ ಪಾತ್ರೆಯಿಟ್ಟುಕೊಂಡು ಬಟಾಣಿ ಸುಲಿಯುತ್ತ, ಅವನ ಅವತಾರ ನೋಡಿ ಸದ್ದಿಲ್ಲದೆ ನಗುತ್ತಿದ್ದಳು.

ಅವಳ ನಗುವಿಗೆ ಸದ್ದು ಹೋಗಿ ಬಹಳ ದಿನವಾಗಿತ್ತು. ಬಟ್ಟೆಯಂಗಡಿಯ ಕೌಂಟರಿನಲ್ಲಿ ವರ್ಷಗಟ್ಟಲೆ ನಿಂತು ಮಾತಾಡಿದವಳು ಅವಳು. ಬೋಳನಿಗೂ ಬಾಚಣಿಗೆ ಮಾರುವ ಬಾಯಿ ಎಂದು ಅಂಗಡಿಯ ಮಾಲೀಕನೇ ಹೇಳುತ್ತಿದ್ದ. ಮನೆಯಲ್ಲೂ ಮಾತೆಲ್ಲ ಅವಳದು, ಹೂಂಗುಟ್ಟುವುದಷ್ಟೇ ಇವನದು. ಗಂಟಲಲ್ಲಿ ಗಡ್ಡೆ ಎದ್ದಿತು. ಆಸ್ಪತ್ರೆಯಲ್ಲಿ ಕರೆಂಟು ಕೊಟ್ಟರು, ಕರಗಿತು. ಇನ್ನೇನು ಗೆದ್ದೆವು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಕಡೆ ತಲೆಯೆತ್ತಿತು. ಈಗ ಅವಳ ಸ್ವರವೆಂದರೆ ಒರಟು ಕಾಗದವನ್ನು ಮೆಲ್ಲಗೆ ಉಜ್ಜಿದ ಹಾಗೆ; ಪಕ್ಕದಲ್ಲಿ ಕೂತು ಕಿವಿಗೊಟ್ಟರಷ್ಟೇ ಕೇಳಿಸುತ್ತಿತ್ತು.

ಕಾರು ಕೊಟ್ಟವನು ಅವಳ ಅಣ್ಣ. ಗ್ಯಾರೇಜಿನಲ್ಲಿ ಯಾರೋ ಬಿಟ್ಟುಹೋಗಿದ್ದ, ಮೇಲೆ ಚಾವಣಿಯಿಲ್ಲದ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ಅವನು ತಟ್ಟಿ ನೆಟ್ಟಗೆ ಮಾಡಿ, ಕೆಂಪು ಬಣ್ಣ ಹೊಡೆದಿದ್ದ. ತಂಗಿ ಹುಡುಗಿಯಾಗಿದ್ದಾಗಿನಿಂದ ಇಂಥದ್ದರಲ್ಲಿ ಕೂರಬೇಕು ಅನ್ನುತ್ತಿದ್ದಳು, ಸುತ್ತಾಡಿಸು ಎಂದು ಕೀಲಿಕೈಯನ್ನು ಇವನ ಅಂಗೈಯಲ್ಲಿಟ್ಟು ಹೋಗಿದ್ದ. ಮೊದಲ ಸಲ ಹೊರಟಾಗ ಅವಳು ದಾರಿಯುದ್ದಕ್ಕೂ ಏನೋ ಹೇಳುತ್ತಲೇ ಇದ್ದಳು. ಗಾಳಿ ಒಂದಕ್ಷರವನ್ನೂ ಬಿಡಲಿಲ್ಲ. ಏನು, ಏನು ಎಂದು ಇವನು ಕೇಳಿ ಕೇಳಿ, ಕೊನೆಗೆ ಅವಳು ಬಾಯಿ ಮುಚ್ಚಿ ರಸ್ತೆಯನ್ನೇ ನೋಡುತ್ತ ಕೂತಳು. ಆ ಸಂಜೆಯೇ ಅವನು ಸ್ಕ್ರೂಡ್ರೈವರ್ ಹಿಡಿದದ್ದು. ತೊಂದರೆಯಿರುವುದು ಗಾಳಿಯಲ್ಲಿ ಮಾತ್ರ, ಅದೊಂದನ್ನು ಗೆದ್ದರೆ ಮಿಕ್ಕದ್ದೆಲ್ಲ ತಾನಾಗಿಯೇ ಸರಿಹೋಗುತ್ತದೆ ಎನ್ನುವ ಹಾಗೆ ಕೆಲಸಕ್ಕೆ ಬಿದ್ದ.

ಗಾಳಿ ಸುಲಭಕ್ಕೆ ಸೋಲಲಿಲ್ಲ. ಮೊದಲ ಮೈಕಿನಲ್ಲಿ ಬರೀ ಜಲಪಾತದ ಸದ್ದು. ಕಾರಿನ ಬ್ಯಾಟರಿಯಿಂದಲೇ ಕರೆಂಟು ತೆಗೆದುಕೊಂಡರೆ ಇಂಜಿನ್ನಿನ ಕೀರಲು ಕಿವಿಗೆ ಬರುತ್ತಿತ್ತು. ಅದಕ್ಕೆ ಟಾರ್ಚಿನ ಸೆಲ್ಲುಗಳನ್ನೇ ಬೇರೆಯಾಗಿ ಜೋಡಿಸಿದ. ಮೈಕನ್ನು ತುಟಿಗೆ ತಾಗುವಷ್ಟು ಹತ್ತಿರ ತಂದು, ಸ್ಪಂಜಿನ ಮೇಲೆ ಹಳೆಯ ಕಾಲುಚೀಲದ ತುಂಡು ಹೊದಿಸಿದ. ಭಾವ ಬಂದು ನೋಡಿ, "ಹೆಂಡತಿ ಮಾತು ಕೇಳಿಸದೇ ಇರೋ ಯಂತ್ರ ಮಾಡಿದ್ರೆ ಊರಿಗೆ ಊರೇ ಬಂದು ಕೊಳ್ತಿತ್ತು. ನೀನು ಉಲ್ಟಾ ಹೊರಟಿದೀಯಲ್ಲ ಮಾರಾಯ" ಎಂದು ಇಬ್ಬರನ್ನೂ ನಗಿಸಿದ. ಹೋಗುವಾಗ ಬಾಗಿಲಾಚೆ ಕರೆದು, ಡಾಕ್ಟರು ಹೇಳಿದ ಹೊಸ ಔಷಧಿಗೆ ತಂಗಿ ಒಪ್ಪಿದಳಾ ಎಂದು ವಿಚಾರಿಸಿದ. ಅದರಿಂದ ಗುಣವಾಗುವುದಿಲ್ಲ, ಸ್ವಲ್ಪ ಕಾಲ ದೊರೆಯಬಹುದು ಎಂದಷ್ಟೇ ಡಾಕ್ಟರು ಹೇಳಿದ್ದರು. ಕೇಳಿ ಹೇಳುತ್ತೇನೆ ಅಂದ ಇವನು.

ಸ್ಪಂಜು ನಿಂತಿತು. ಇಬ್ಬರೂ ಕಿವಿಮುಚ್ಚಳ ಹಾಕಿಕೊಂಡರು. ಅವಳು ಮೈಕಿಗೆ ತುಟಿ ತಾಗಿಸಿ, "ರೀ, ಬಟಾಣಿ ಮುಗೀತು" ಅಂದಳು.

ಎರಡೂ ಕಿವಿಗಳ ನಡುವೆ, ತಲೆಯೊಳಗೇ ಕೂತು ಹೇಳಿದಷ್ಟು ಹತ್ತಿರದಲ್ಲಿ ಕೇಳಿಸಿತು. ಅವನು ಮೇಜಿನ ಕೆಳಗೆ ಏನೋ ಬೀಳಿಸಿಕೊಂಡವನಂತೆ ಬಗ್ಗಿದ. ಸ್ವಲ್ಪ ಹೊತ್ತು ಮೇಲೇಳಲಿಲ್ಲ.

ಮಾರನೆಯ ದಿನ ಕಾಲುವೆಯ ಪಕ್ಕದ ರಸ್ತೆಗೆ ಹೋದರು. ಇಬ್ಬರ ತಂತಿಗಳನ್ನೂ ಸೀಟುಗಳ ನಡುವೆ ಇಟ್ಟ ಇಂಟರ್‌ಕಾಮಿನ ಪುಟ್ಟ ಡಬ್ಬಿಗೆ ಸಿಕ್ಕಿಸಿದ್ದ. ಕಾರಿನ ವೇಗ ಹೆಚ್ಚಿತು, ಗಾಳಿ ಅವಳ ತಲೆವಸ್ತ್ರವನ್ನು ಹಿಡಿದೆಳೆಯಿತು. ಸ್ವರ ಮಾತ್ರ ಅಲುಗಲಿಲ್ಲ. ಎತ್ತಿನಗಾಡಿಯೂ ನಮ್ಮನ್ನ ಹಿಂದೆ ಹಾಕುತ್ತೆ, ಅಣ್ಣ ನೋಡಿದರೆ ಕಾರು ವಾಪಸ್ ಕೇಳುತ್ತಾನೆ ಎಂದು ಛೇಡಿಸಿದಳು. ಅವನಿಗೆ ಹಳೆಯ ದಿನಗಳೇ ತಿರುಗಿ ಬಂದು ಪಕ್ಕದಲ್ಲಿ ಕೂತ ಹಾಗಾಯಿತು.

ಇಟ್ಟಿಗೆ ಗೂಡು ದಾಟಿದ ಮೇಲೆ ಅವಳು ಅಂದಳು, "ಒಂದು ಮಾತು ಹೇಳ್ಬೇಕಿತ್ತು. ಮುಖ ನೋಡ್ಕೊಂಡು ಹೇಳೋಕಾಗ್ಲಿಲ್ಲ. ಇಲ್ಲಿ ಆಗುತ್ತೆ. ನಾನಿನ್ನು ಆಸ್ಪತ್ರೆಗೆ ಬರಲ್ಲ ರೀ. ಸಾಕು ನನಗೆ."

ಅವನು ಡಬ್ಬಿಯನ್ನು ಬೆರಳಿನಿಂದ ತಟ್ಟಿದ. "ವಯರು ಲೂಸಾಗಿದೆ ಅನ್ಸುತ್ತೆ. ಏನೂ ಕೇಳಿಸ್ತಿಲ್ಲ ಕಣೇ."

"ಕೇಳಿಸ್ತಿದೆ ನಿಮಗೆ," ಅವಳು ಸಿಟ್ಟಿಲ್ಲದೆ ಹೇಳಿದಳು. "ಇನ್ನೂ ಇದೆ, ಕೇಳಿ. ನಾನು ಹೋದ್ಮೇಲೆ ನೀವು..."

ಅವನು ಎಡಗೈ ಚಾಚಿ ತನ್ನ ತಂತಿಯನ್ನು ಡಬ್ಬಿಯಿಂದ ಕಿತ್ತುಬಿಟ್ಟ.

ಬಟಾಣಿ ಸುಲಿದಷ್ಟು ಸಲೀಸಾಗಿ ಬಂತು. ಕಿವಿಮುಚ್ಚಳದೊಳಗೆ ಮಂದವಾದ ಗಾಳಿಯ ಮೊರೆತ ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಅವಳು ರಸ್ತೆ ನೋಡುತ್ತ ಮಾತಾಡುತ್ತಲೇ ಇದ್ದಳು. ಸ್ಪಂಜಿನ ಹಿಂದೆ ತುಟಿ ಆಡುವುದು ಓರೆಗಣ್ಣಿಗೆ ಕಾಣುತ್ತಿತ್ತು. ಒಮ್ಮೆ ಬೆರಳು ಮಡಚಿ ಏನನ್ನೋ ಎಣಿಸಿದಳು, ಒಮ್ಮೆ ನಕ್ಕಳು, ಆಮೇಲೆ ಬಹಳ ಹೊತ್ತು ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ ಹೇಳಿದಳು. ಮತ್ತೆ ಸಿಕ್ಕಿಸಬೇಕು ಎಂದು ಅವನಿಗೆ ಪ್ರತಿ ತಿರುವಿನಲ್ಲೂ ಅನ್ನಿಸಿತು. ಕೈ ಮೇಲೇಳಲಿಲ್ಲ.

ಸೇತುವೆಯ ಹತ್ತಿರ ಅವಳು ಅವನತ್ತ ತಿರುಗಿದಳು. ಅವನ ತೊಡೆಯ ಮೇಲೆ ಬಿದ್ದಿದ್ದ ತಂತಿಯ ತುದಿಯನ್ನು ನೋಡಿದಳು. ಅದನ್ನೆತ್ತಿ ತಾನೇ ಡಬ್ಬಿಗೆ ಸಿಕ್ಕಿಸಿ, "ಚಳಿಯಾಗ್ತಿದೆ. ಮನೆಗೆ ಹೋಗೋಣ" ಅಂದಳು.

ಆ ವಾರ ಕಳೆಯುವುದರೊಳಗೆ ಇದ್ದಬದ್ದ ಸ್ವರವೂ ಹೋಯಿತು. ಅಂದು ಏನು ಹೇಳಿದೆ ಎಂದು ಅವನು ಮೊಣಕಾಲೂರಿ ಕೇಳಿದ. ಕಾಗದ, ಪೆನ್ನು ತಂದಿಟ್ಟ. ಅವಳು ಅವನ ಕೆನ್ನೆ ತಟ್ಟಿ, ಪೆನ್ನನ್ನು ಅವನ ಜೇಬಿಗೇ ಸಿಕ್ಕಿಸಿದಳು. ಒಮ್ಮೆ ಆಡಿ ಮುಗಿದ ಮಾತು ಅದು.

ಭಾವ ಮತ್ತೆ ಬಂದು, ಒಪ್ಪಿದಳಾ ಎಂದು ಕೇಳಿದ. ಅವಳು ಅಲ್ಲೇ ಕುರ್ಚಿಯಲ್ಲಿದ್ದಳು. ಸಾಕು ಎಂದ ಅವಳ ಮಾತು ಕೇಳಿಸಿಕೊಂಡವನು ಲೋಕದಲ್ಲಿ ಇವನೊಬ್ಬನೇ. ಇವನು ನೆಲ ನೋಡುತ್ತ "ಹೂಂ, ಒಪ್ಪಿದಾಳೆ" ಅಂದ. ಅವಳು ತಲೆಯಾಡಿಸಲಿಲ್ಲ, ಅಲ್ಲಗಳೆಯಲೂ ಇಲ್ಲ. ಇವನನ್ನೇ ಒಂದು ಗಳಿಗೆ ನೋಡಿ, ಎದ್ದು ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದಳು.

ಆಸ್ಪತ್ರೆಯಲ್ಲಿ ನರ್ಸು ಕೇಳುವ ಮೊದಲೇ ಅವಳು ತೋಳು ಮುಂದಿಟ್ಟಳು. ಸೂಜಿ ಒಳಗೆ ಹೋಯಿತು, ಔಷಧಿ ತೊಟ್ಟಿಕ್ಕತೊಡಗಿತು. ಇವನು ಸ್ಟೂಲು ಎಳೆದುಕೊಂಡು ಕೂತು, ಬಾಯಿಗೆ ಬಂದದ್ದನ್ನೆಲ್ಲ ಮಾತಾಡಿದ: ಪಕ್ಕದ ಮನೆಯ ನಲ್ಲಿ ಸೋರುವುದು, ಅಂಗಡಿಯ ಮಾಲೀಕ ವಿಚಾರಿಸಿದ್ದು, ನಾಳೆ ಬಿಸಿಲು ಬರಬಹುದೆನ್ನುವುದು. ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿದ್ದಳು. ಅವನೂ ಅತ್ತಲೇ ನೋಡಿದ.

ದೂರದ ಮಹಡಿಯ ಮೇಲೆ ಯಾರೋ ಹಾಸಿಗೆಯೊಂದನ್ನು ಗೋಡೆಗೆ ಒರಗಿಸಿ ಕೋಲಿನಿಂದ ಬಡಿಯುತ್ತಿದ್ದರು. ಕೋಲು ಬಿದ್ದು, ಧೂಳೆದ್ದು, ಮತ್ತೆ ಕೋಲು ಮೇಲೆದ್ದಾಗಲಷ್ಟೇ ಮೊದಲಿನ ಪೆಟ್ಟಿನ ಸದ್ದು ಕಿಟಕಿಯವರೆಗೆ ಬರುತ್ತಿತ್ತು.