ಡಬ್ಬಿಯಲ್ಲಿಟ್ಟ ಕಾಗದ

ಜನವರಿಯ ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಅಮೆರಿಕದ ಗಿಲ್‌ರಾಯ್ ಊರಿನ ಹೊಲಗಳಲ್ಲಿ ಬೆಳ್ಳುಳ್ಳಿ ಗೇಣುದ್ದ ಎದ್ದಿತ್ತು. ಸಾಲೇಹಾ ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ಕೋಣೆಯ ಗೋಡೆಗೆ ಹಿಡಿದ ಕಪ್ಪು ಬೂಷ್ಟನ್ನು ಉಜ್ಜುತ್ತಿದ್ದಳು. ಎಷ್ಟು ಉಜ್ಜಿದರೂ ವಾರದೊಳಗೆ ಅದು ಮರಳುತ್ತಿತ್ತು. ಸೂರು ಸೋರುತ್ತಿತ್ತು. ನಾಲ್ಕು ವರ್ಷದ ಮಗಳು ಇನಾಯಾಳ ಕೆಮ್ಮು ನವೆಂಬರಿನಿಂದ ನಿಂತಿರಲಿಲ್ಲ.

ಮನೆ ವಸುಧಮ್ಮನವರದು. ಮೈಸೂರಿನವರು, ಎಪ್ಪತ್ತು ದಾಟಿದವರು; ಮುಂದಿನ ಮನೆಯಲ್ಲಿ ತಾವಿದ್ದು, ಹಿತ್ತಲಿನ ಈ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟಿದ್ದರು. ಸಾಲೇಹಾಳ ಗಂಡ ಮನ್ಸೂರ್ ಸೂರಿನ ವಿಷಯ ಮೂರು ಸಲ ಹೇಳಿದ್ದ. ಅವರು "ನೋಡೋಣಪ್ಪ" ಎಂದು ಮಗುವಿಗೆ ಒಂದು ಡಬ್ಬಿ ಕೋಡುಬಳೆ ಕೊಟ್ಟು ಕಳಿಸಿದ್ದರು.

ಬಾಡಿಗೆದಾರರಿಗೆ ಸಲಹೆ ಕೊಡುವ ಕಚೇರಿಯವರು, ಮೊದಲು ಬರಹದಲ್ಲಿ ತಿಳಿಸಿ, ರಿಪೇರಿ ಆಗುವ ತನಕ ಬಾಡಿಗೆ ತಡೆಹಿಡಿಯಬಹುದು, ಹಣ ಮಾತ್ರ ಮುಟ್ಟದೆ ಎತ್ತಿಡಿ ಎಂದಿದ್ದರು. ಇಂಗ್ಲಿಷಿನ ನೋಟೀಸಿನ ನಮೂನೆಯನ್ನೂ ಕೊಟ್ಟಿದ್ದರು. ಇಪ್ಪತ್ತು ಹೆಜ್ಜೆ ದೂರದ ಹಿರಿಯರಿಗೆ ಅದನ್ನು ಕೊಡಲು ಮನ್ಸೂರನಿಗೆ ಕೈ ಬರಲಿಲ್ಲ. ಕನ್ನಡದಲ್ಲಿ ಬರೆಯಲು ಕೂತ.

"ಪೂಜ್ಯ ವಸುಧಮ್ಮನವರಿಗೆ, ಇತ್ತ ನಾವೆಲ್ಲ ಕ್ಷೇಮ," ಎಂದು ಓದಿ ಸಾಲೇಹಾ ಅವನ ಮುಖ ನೋಡಿದಳು. "ಎಲ್ಲ ಕ್ಷೇಮ ಅಂದ್ಮೇಲೆ ಯಾರು ರೀ ರಿಪೇರಿ ಮಾಡಿಸ್ತಾರೆ?"

ಅವನು ಅದನ್ನು ಹೊಡೆದು ಹಾಕಿ, 'ಇತ್ತ ಮಗು ಕೆಮ್ಮುತ್ತಿದೆ' ಎಂದು ಬರೆದ.

ಡಬ್ಬಿಯನ್ನು ಬರಿದಾಗಿ ಮರಳಿಸುವಂತಿಲ್ಲ. ಸಾಲೇಹಾ ಖರ್ಜೂರ ತುಂಬಿ, ಮೇಲೆ ಕಾಗದ ಇಟ್ಟಳು.

ಎರಡು ದಿನ ಮುಂದಿನ ಮನೆಯಿಂದ ಮಾತಿಲ್ಲ.

"ಮನೆ ಖಾಲಿ ಮಾಡಿ ಅಂದ್ರೆ?" ಎಂದಳು ಸಾಲೇಹಾ.

ಮೂರನೆಯ ಮಧ್ಯಾಹ್ನ ವಸುಧಮ್ಮ ಕೋಲೂರಿಕೊಂಡು ಬಂದರು. ಗೋಡೆಗೆ ಅಂಗೈ ಒತ್ತಿ ನೋಡಿ, ಸ್ವೆಟರಿಗೆ ಒರೆಸಿಕೊಂಡರು. ಇನಾಯಾ ಕೆಮ್ಮಿದಾಗ ಹತ್ತಿರ ಕರೆದು ಬೆನ್ನು ಸವರಿದರು.

"ಐಯಾಮ್ ಓಕೆ, ಅಜ್ಜಿ," ಎಂದಿತು ಮಗು.

"ನೀನೂ ನಿಮ್ಮಪ್ಪನ ಹಾಗೇ," ಎಂದರು ವಸುಧಮ್ಮ. ಮತ್ತೆ ಮನ್ಸೂರನತ್ತ ತಿರುಗಿ, "ಬಾಡಿಗೆ ಕೊಡಲ್ಲ ಅಂತ ಬರೆದು ಕೆಳಗೆ 'ನಿಮ್ಮ ಮಗ' ಅಂತ ಸಹಿ. ಯಾವ ಲಾಯರು ಹೇಳಿಕೊಟ್ಟನಪ್ಪ?"

"ಅದೊಂದು ನಾನೇ ಬರೆದದ್ದು ಅಮ್ಮ."

"ಮೂರು ಸಲವೂ ನೀನು ನಗ್ತಾ ಹೇಳಿದೆ. ಅಂಥದ್ದೇನಿಲ್ಲ ಅಂದ್ಕೊಂಡೆ ನಾನು."

ಫೆಬ್ರವರಿಯ ಮೊದಲ ವಾರ ಸೂರಿಗೆ ಹೊಸ ಹೊದಿಕೆ ಬಿತ್ತು. ಆಮೇಲೆ ಮೂರು ದಿನ ಹೊಡೆದ ಮಳೆಗೂ ಗೋಡೆ ಒಣಗಿಯೇ ಇತ್ತು. ಎತ್ತಿಟ್ಟಿದ್ದ ಬಾಡಿಗೆಯ ಚೆಕ್ಕನ್ನು ಮನ್ಸೂರ್ ಕೊಟ್ಟಾಗ ವಸುಧಮ್ಮ ಅದನ್ನು ಹರಿದು, ಅರ್ಧಕ್ಕೆ ಬೇರೆ ಬರೆಸಿಕೊಂಡರು. ಅವನು ಬೇಡವೆಂದರೂ ಕೇಳಲಿಲ್ಲ. ಹುರಿಗಾಳು ತುಂಬಿದ ಡಬ್ಬಿಯನ್ನು ಅವನ ಕೈಗಿತ್ತರು.

"ಇನ್ನೇನಾದ್ರೂ ಸೋರಿದ್ರೆ," ಎಂದರು, "ನಗ್ತಾ ಹೇಳಬೇಡ."