ಅಕ್ಕನ ಮಷೀನಿನ ಕತ್ತು

"ಮುಟ್ಟಬ್ಯಾಡ ಕಣ್ಲಾ ಅದ. ಕೈ ಮುರ್ದಾಕ್‌ಬುಟ್ಟೇನು."

ಅಕ್ಕ ಶಿವಮಲ್ಲಮ್ಮ ಪೊಟ್ಟಣ ಕಟ್ಟುವ ಮಷೀನಿಗೆ ಬೆನ್ನು ಕೊಟ್ಟು ಎರಡೂ ಕೈ ಅಗಲಿಸಿ ನಿಂತಿದ್ದಳು. ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು. ಮೋಟಾರಿನ ಮೇಲಿನ ತಗಡು ಬಿಚ್ಚಿ ನೋಡಬೇಕು ಎಂದಿದ್ದೆ, ಅಷ್ಟೇ.

"ಅಬ್ಬದ ಮುಂಚಿನ ದಿನ ಓಡ್ತಿದ್ ಮಷೀನು ಅಬ್ಬ ಕಳೆದ್ದೇ ನಿಂತದ. ಯಾರೋ ಕೈ ಆಕವ್ರೆ," ಅಂದೆ.

"ಆಕುದ್ರೆ ನೀನೇ ಆಕಿದ್ದೀಯ. ಪಂಪಿನ ಮೋಟ್ರು ಸುತ್ತವ್ನಿಗೆ ಕಂಪ್ಯೂಟ್ರು ಏನ್ಲಾ ಗೊತ್ತು? ಎಂಟ್ನೇ ಕ್ಲಾಸು."

"ನೀನು ಐದ್ನೇ ಕ್ಲಾಸು."

"ಅದ್ಕೇ ನಾನು ಮುಟ್ಟಿಲ್ಲ."

ಕಂಪನಿಯ ಎಂಜಿನಿಯರ್ ಮುರುಗೇಶ ಮೂಲೆಯ ಸ್ಟೂಲಿನಲ್ಲಿ ಕುಳಿತು ನಿಂಬೆಹಣ್ಣು ಮೂಸುತ್ತಿದ್ದ. ಕೊಯಮತ್ತೂರಿನಿಂದ ಬಂದವನು. ದಿಂಬಂ ಘಾಟಿಯ ತಿರುವುಗಳಲ್ಲಿ ಅವನ ಹೊಟ್ಟೆ ಖಾಲಿಯಾಗಿತ್ತು. ಸತ್ಯಮಂಗಲದ ಹುಡುಗನಾದ್ದರಿಂದ ಕನ್ನಡ ಬರುತ್ತಿತ್ತು.

"ಅಣ್ಣಾ, ಮೊದಲು ಕಂಪ್ಯೂಟರ್ ನೋಡೋಣ," ಎಂದ. "ಮೂರು ಗಂಟೆ ಬಸ್ಸಿನೊಳಗೆ ಓಡದಿದ್ರೆ ಮೋಟಾರು ನಡೆಸೋ ಕಂಟ್ರೋಲರ್ ಪೆಟ್ಟಿಗೆ ಬಿಚ್ಚಿ ಕೊಯಮತ್ತೂರಿಗೆ ಒಯ್ಯಬೇಕು. ವಾಪಸ್ ಯಾವಾಗ ಬರ್ತದೆ ಅಂತ ನಾನು ಹೇಳಲಾರೆ."

"ಪೆಟ್ಗೆ ಓದ್ರೆ ಮಷೀನೂ ಓಗ್ಲಿ," ಅಂದಳು ಅಕ್ಕ. "ಕೈಲೇ ಪೊಟ್ಣ ಕಟ್ತೀನಿ."

ಆ ಮಾತಿಗೆ ನನಗೆ ತಲೆ ಕೆಟ್ಟಿತು. ಪಣಕಹಳ್ಳಿಯ ಈ ಶೆಡ್ಡಿನಲ್ಲಿ ಅಕ್ಕ ರಾಗಿ ಮಾಲ್ಟ್ ಮಾಡಲು ಶುರುಮಾಡಿ ನಾಲ್ಕು ವರ್ಷ. ಮೊದಲ ಮೂರು ವರ್ಷ ಪ್ಲಾಸ್ಟಿಕ್ ಕವರಿನ ಬಾಯನ್ನು ಗರಗಸದ ಬ್ಲೇಡಿಗೆ ಮಡಿಸಿ, ಮೇಣದಬತ್ತಿಯಲ್ಲಿ ಕಾಯಿಸಿ ಅಂಟಿಸುತ್ತಿದ್ದಳು. ಸುಟ್ಟು ಸುಟ್ಟು ಅವಳ ಹೆಬ್ಬೆರಳಿನ ತುದಿ ಹುಣಸೆಬೀಜದ ಹಾಗೆ ಆಯಿತು. ಬಿಸಿ ಅನ್ನ ಕಲಸಿದರೂ ತಿಳಿಯುತ್ತಿರಲಿಲ್ಲ. ಅದನ್ನು ನೋಡಲಾರದೆ ನಾನೇ ಜಗಳವಾಡಿ, ತೊಂಬತ್ತೇಳರಲ್ಲಿ ಈ ಹಳೆಯ ಮಷೀನನ್ನು ಹುಡುಕಿ ತಂದಿದ್ದೆ. ಅದು ಹೋದರೆ ಮತ್ತೆ ಮೇಣದಬತ್ತಿ.

ಮುರುಗೇಶ ಕಂಪ್ಯೂಟರ್ ಹಾಕಿದ. ಪರದೆಯ ಮೇಲೆ ಲೈಸೆನ್ಸ್ ಇಲ್ಲ ಎಂದು ಬಂತು.

"ಇದರ ಸಾಫ್ಟ್‌ವೇರಿಗೆ ಲೈಸೆನ್ಸ್ ಇರೋದು ಹಿಂದೆ ಸಿಕ್ಕಿಸಿರೋ ಕರೀ ಡಬ್ಬಿಯಲ್ಲಿ. ಅದು ಕೆಟ್ಟಿದ್ರೆ ಹೊಸದಕ್ಕೆ ಆಫೀಸಿಗೆ ಬರೀಬೇಕಣ್ಣಾ," ಎಂದ.

ನಾನು ಕಂಪ್ಯೂಟರಿನ ಹಿಂದೆ ಕೈ ಹಾಕಿ ಆ ಬೆಂಕಿಪೊಟ್ಟಣದಷ್ಟು ಡಬ್ಬಿಯನ್ನು ಕಿತ್ತೆ. ಅದರ ಮೇಲೆ ಅಚ್ಚುಕಟ್ಟಾಗಿ ಮೂರು ಗೆರೆ ವಿಭೂತಿ.

ಅಕ್ಕ ಶೀಟಿನ ಮಾಡು ನೋಡತೊಡಗಿದಳು.

"ಮುಟ್ಟಿಲ್ಲ ಅಂದೆ?"

"ಆಯುಧ ಪೂಜೆ ಕಣ್ಲಾ. ಸ್ಪ್ಯಾನ್ರು, ಸುತ್ಗೆ ಎಲ್ಲಾನೂ ಒರಸಿ ಪೂಜೆಗೆ ಮಡ್ಗಿ, ಅದೊಂದ ಬುಟ್ರೆ ಅದ್ಕೆ ಬೇಜಾರಾಗಲ್ವಾ?"

"ತೊಳೆದ್ರಾ ಅಮ್ಮಾ?" ಮುರುಗೇಶನ ದನಿ ಸಣ್ಣಗಾಗಿತ್ತು.

"ತೊಳೀನಿಲ್ಲ. ಈಬೂತಿ ಇಟ್ಟೆ, ಎಲ್ಡು ಊವ ಮಡ್ಗಿದೆ. ಬೆಳಗ್ಗೆ ಎಲ್ಲಿತ್ತೋ ಅಲ್ಲೇ ಸಿಗ್ಸಿದೆ."

ಪಿನ್ನುಗಳ ನಡುವೆಲ್ಲ ಬೂದಿ ತುಂಬಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತಿಕ್ಕಿ ಮತ್ತೆ ಸಿಕ್ಕಿಸಿದೆವು. ಲೈಸೆನ್ಸ್ ಬಂತು. ಮುರುಗೇಶ ನಿಂಬೆಹಣ್ಣು ಜೇಬಿಗಿಟ್ಟುಕೊಂಡು ಮೊದಲ ಸಲ ನಕ್ಕ. ಗುಂಡಿ ಒತ್ತಿದ. ಮೋಟಾರು ಅರ್ಧ ಪೊಟ್ಟಣದಷ್ಟು ಪ್ಲಾಸ್ಟಿಕ್ ಎಳೆದು ಟಕ್ ಎಂದು ನಿಂತಿತು. ಕೆಂಪು ದೀಪ ಹತ್ತಿತು.

"ಎಷ್ಟು ತಿರುಗು ಅಂದ್ವೋ ಅಷ್ಟು ತಿರುಗಿಲ್ಲ. ಹಿಂದೆ ಬಿದ್ದಿದೆ ಅಂತ ಕಂಟ್ರೋಲರೇ ನಿಲ್ಲಿಸ್ತು," ಎಂದ.

ವೈರು ಬದಲಾಯಿಸಿದ, ಪುಸ್ತಕ ನೋಡಿ ನಂಬರು ಬದಲಾಯಿಸಿದ. ಪ್ರತಿಸಲವೂ ಅರ್ಧ ಪೊಟ್ಟಣ, ಕೆಂಪು ದೀಪ. ಎರಡು ಗಂಟೆಯಾಯಿತು. ಅವನು ಬೆವರು ಒರೆಸಿಕೊಂಡು ಪೆಟ್ಟಿಗೆಯ ಸ್ಕ್ರೂ ಬಿಚ್ಚಲು ಕುಳಿತ.

"ಇನ್ನೊಂದು ಸ್ಕ್ರೂ ಬಿಚ್ಚುದ್ರೆ ನಿನ್ನ ಬಸ್ಸಿನ ಮ್ಯಾಲೆ ಕಟ್ಟಿ ಕಳುಸ್ತೀನಿ," ಅಂದೆ.

ಕರೆಂಟು ತೆಗೆದು ರೋಲರನ್ನು ಕೈಯಿಂದ ತಿರುಗಿಸಿದೆ. ಪಂಪಿನ ಮೋಟಾರಾದರೂ ಮೊದಲು ನೋಡುವುದು ಹೀಗೆಯೇ. ಒಂದು ಸುತ್ತಿನಲ್ಲಿ ಒಂದು ಕಡೆ ಬಿಗಿ. ಮತ್ತೊಂದು ಸುತ್ತು, ಅದೇ ಜಾಗದಲ್ಲಿ ಬಿಗಿ. ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಒಳಗೆ ಏನೋ ಸಿಕ್ಕಿಕೊಂಡಿತ್ತು.

ಸ್ಪ್ಯಾನರ್ ಎತ್ತಿಕೊಂಡು ಅಕ್ಕನ ಮುಖ ನೋಡಿದೆ. ಈ ಸಲ ಅವಳು ಬೈಯದೆ ಪಕ್ಕಕ್ಕೆ ಸರಿದಳು.

ತಗಡು ಬಿಚ್ಚಿದೆ. ಮೋಟಾರಿನ ಶಾಫ್ಟು ಕತ್ತಿನ ಹಾಗೆ ಸಣ್ಣಗಾಗುವ ಜಾಗದಲ್ಲಿ ಹಳದಿ ದಾರ ಏಳೆಂಟು ಸುತ್ತು ಬಿಗಿದುಕೊಂಡಿತ್ತು. ಅದಕ್ಕೆ ಕಟ್ಟಿದ್ದ ಅರಿಶಿನದ ಕೊಂಬು ಪಕ್ಕದ ಕಬ್ಬಿಣಕ್ಕೆ ಸಿಕ್ಕಿಕೊಂಡು ಸುತ್ತಿಗೊಮ್ಮೆ ಅಡ್ಡ ಬರುತ್ತಿತ್ತು.

ಮುರುಗೇಶ ಬ್ಲೇಡ್ ತೆಗೆದ.

"ಕುಯ್ಯಬ್ಯಾಡಪ್ಪ," ಅಂದಳು ಅಕ್ಕ. ಜೋರಾಗಿ ಹೇಳಲಿಲ್ಲ.

ನಾನು ಅವನ ಕೈಯಿಂದ ಬ್ಲೇಡ್ ಕಿತ್ತುಕೊಂಡೆ. ಭಾವ ತೀರಿಹೋಗಿ ಹದಿನಾರು ವರ್ಷ. ಅಂದಿನಿಂದ ಯಾರ ಮದುವೆಯಲ್ಲೂ ಅಕ್ಕನ ಕೈಗೆ ಅರಿಶಿನದ ತಟ್ಟೆ ಕೊಟ್ಟವರಿಲ್ಲ. ನನ್ನ ಮಗಳು ಶ್ವೇತಳ ಮದುವೆಯಲ್ಲೂ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಳು. ಎತ್ತಿಕೊಂಡು ಬೆಳೆಸಿದ ಹುಡುಗಿಯ ಮದುವೆ ಅದು. ಸಾರಿಗೆ ಉಪ್ಪು ಜಾಸ್ತಿಯಾದರೆ ಜಗಳಕ್ಕೆ ನಿಲ್ಲುವ ನಾನು ಅವತ್ತು ಬಾಯಿ ಬಿಡಲಿಲ್ಲ.

ಗಂಟು ಗಟ್ಟಿಯಾಗಿತ್ತು. ಮುರುಗೇಶ ಶಾಫ್ಟನ್ನು ಹಿಂದಕ್ಕೆ ಒಂದೊಂದು ಬೆರಳಿನಷ್ಟು ತಿರುಗಿಸಿದ, ನಾನು ಸೂಜಿಯಲ್ಲಿ ದಾರ ಬಿಡಿಸಿದೆ. ಅವನು ನಡುನಡುವೆ ಗಡಿಯಾರ ನೋಡಿಕೊಂಡ. ದಾರ ಹರಿಯದೆ ಈಚೆ ಬಂದಾಗ ಎರಡೂ ಮುಕ್ಕಾಲು. ತಗಡು ಮುಚ್ಚಿ ಕರೆಂಟು ಕೊಟ್ಟೆವು. ಪೊಟ್ಟಣಗಳು ಒಂದರ ಹಿಂದೊಂದು ಬಿದ್ದವು.

"ರಿಪೋರ್ಟಲ್ಲಿ ಕಾರಣ ಏನು ಬರೀಲಿ ಅಣ್ಣಾ?"

"ಧೂಳು ಅಂತ ಬರಿ."

ಧೂಳು ಎಂದೇ ಬರೆದು, ಅಕ್ಕನಿಗೆ ಕೈಮುಗಿದು ಬಸ್ಸಿಗೆ ಓಡಿದ.

"ತಗಡು ಬಿಚ್ಚಿ ಒಳಗ್ಯಾಕೆ ಕಟ್ದೆ, ಮ್ಯಾಲೇ ಕಟ್ಟಬೋದಾಗಿತ್ತಲ್ಲಕ್ಕ?" ಅಂದೆ.

"ಸೀರೆಗೆ ತಾಳಿ ಕಟ್ಟಾರೇನ್ಲಾ? ಇವ್ಳೂ ಮನೆಗೆ ಬಂದವ್ಳು. ಕತ್ಗೇ ಕಟ್ಟಬೇಕು."

ರಾಗಿ ಸುರಿಯುವ ಡಬ್ಬದ ಕೆಳಗೆ ಒಂದು ಕೊಳವೆಯಿದೆ. ತೋರಿಸಿದೆ.

"ಇದೂ ಕತ್ತೇ. ತಿರುಗಲ್ಲ. ಇಲ್ಗೆ ಕಟ್ಟು."

"ಶಾಂತಮಲ್ಲಮ್ಮ ಕೆಲ್ಸಕ್ಕೆ ಬಂದಾಗ ಕಟ್ತಾಳೆ ಬುಡು. ಅವ್ಳು ಮುತ್ತೈದೆ."

"ಅವ್ಳ ಮಷೀನಾ? ಕಟ್ಟಕ್ಕ, ಸುಮ್ನೆ ತಲೆ ತಿನ್ನಬ್ಯಾಡ."

ಅಕ್ಕ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಸ್ಪರ್ಶ ತಿಳಿಯದ ಆ ಹೆಬ್ಬೆರಳಿನಲ್ಲಿ ಎರಡು ಸಲ ದಾರ ಜಾರಿತು. ಮೂರನೆಯ ಸಲ ಗಂಟು ಬಿತ್ತು. ಮೇಲೆ ಇನ್ನೆರಡು ಗಂಟು ಹಾಕಿದಳು.

"ನೀನು ಗೇದು ಗುಡ್ಡೆ ಆಕ್ದವ್ನಂಗೆ ನಿಂತ್ಕಬ್ಯಾಡ. ಇರು, ಮಜ್ಜಿಗೆ ತತ್ತೀನಿ," ಎಂದು ಸೆರಗು ಬಾಯಿಗೆ ಒತ್ತಿಕೊಂಡು ಹೊರಟಳು.

ನಾನು ಕಾದೆ. ಪ್ಲಾಸ್ಟಿಕ್ಕಿನ ಒಂದು ಸುರುಳಿ ಮುಗಿಯಿತು, ಇನ್ನೊಂದು ಹಾಕಿದೆ. ಅದೂ ಮುಗಿಯಿತು. ಆ ದಿನ ಅಕ್ಕ ಮತ್ತೆ ಶೆಡ್ಡಿಗೆ ಬರಲಿಲ್ಲ.